ಪಂಢರಪುರ ವಾರಿ: ಒಬ್ಬರೇ ಹೊರಟವರು ದಿಂಡಿ ಸೇರಿ, ಅದರಲ್ಲಿ ಉಳಿಯುವುದು ಹೇಗೆ

ಆಷಾಢ ಏಕಾದಶಿಯ ವಾರಿಗೆಂದು, ಅಂದರೆ ಪಂಢರಪುರದ ವಿಠ್ಠಲನಲ್ಲಿಗೆ ನಡೆದು ಹೋಗುವ ಯಾತ್ರೆಗೆಂದು, ಪುಣೆ ಬಳಿಯ ಆಳಂದಿಗೋ ದೇಹೂವಿಗೋ ಒಬ್ಬರೇ ಹೋಗಿ, ನಾಲ್ಕೈದನೆಯ ದಿನಕ್ಕೆಲ್ಲ ಬಸ್ ಹತ್ತಿ ವಾಪಸಾಗುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಕೇಳಿದರೆ ಕಾಲು ನೋವು ಎನ್ನುತ್ತಾರೆ. ಕಾಲು ನೋವು ಎಪ್ಪತ್ತು ವರ್ಷದ ಅಜ್ಜಿಗೂ ಇರುತ್ತದೆ, ಆಕೆ ಪಂಢರಪುರ ಮುಟ್ಟುತ್ತಾಳೆ. ವಾಪಸಾದವರಿಗೆ ರಾತ್ರಿ ಮಲಗಲು ಗೊತ್ತಾದ ಜಾಗ ಇರಲಿಲ್ಲ, ಊಟಕ್ಕೆ ಕೂರಲು ಒಂದು ಪಂಕ್ತಿ ಇರಲಿಲ್ಲ, ಕಾಣದಿದ್ದರೆ ಹುಡುಕುವವರು ಯಾರೂ ಇರಲಿಲ್ಲ. ಲಕ್ಷಾಂತರ ಜನ ನಡೆಯುವ ದಾರಿಯಲ್ಲಿ ಜೊತೆ ತಾನಾಗಿ ಸಿಗುತ್ತದೆ ಎಂದು ನಂಬಿ ಹೊರಟಿದ್ದೇ ತಪ್ಪು. ವಾರಿಯಲ್ಲಿ ಜೊತೆ ಸಿಗುವುದು ದಿಂಡಿಯ, ಅಂದರೆ ಒಟ್ಟಿಗೆ ನಡೆಯುವ ತಂಡದ, ಮೂಲಕ.

ಹಾಗಾಗಿ ಮೊದಲು ದಿಂಡಿ ಗೊತ್ತು ಮಾಡಿ, ಆಮೇಲೆ ಚೀಲ ಕಟ್ಟಿ. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ: ರೇನ್‌ಕೋಟು, ಬೂಟು, ಚೀಲ ಎಲ್ಲ ತಿಂಗಳ ಮೊದಲೇ ಬಂದಿರುತ್ತವೆ, ದಿಂಡಿಯನ್ನು ಮಾತ್ರ ಅಲ್ಲಿ ಹೋಗಿ ನೋಡಿದರಾಯಿತು ಎಂದು ಬಿಟ್ಟಿರುತ್ತಾರೆ.

ಹಂತ 1: ಯಾವ ಪಾಲಖಿ, ಎಷ್ಟು ದಿನ

ಪಾಲಖಿ ಎಂದರೆ ಸಂತರ ಪಾದುಕೆ ಇಟ್ಟ ಪಲ್ಲಕ್ಕಿ, ವಾರಿ ಸಾಗುವುದು ಅದರ ಜೊತೆಗೆ. ದೊಡ್ಡ ಪಾಲಖಿಗಳು ಎರಡು. ತುಕಾರಾಮ ಮಹಾರಾಜರದು ದೇಹೂವಿನಿಂದ ಜ್ಯೇಷ್ಠ ಬಹುಳ ಸಪ್ತಮಿಗೆ ಹೊರಡುತ್ತದೆ, ಜ್ಞಾನೇಶ್ವರ ಮಹಾರಾಜರದು ಆಳಂದಿಯಿಂದ ಮರುದಿನ ಅಷ್ಟಮಿಗೆ. ಎರಡೂ ಸುಮಾರು 250 ಕಿಲೋಮೀಟರ್ ನಡೆದು, ಆಷಾಢ ಶುದ್ಧ ದಶಮಿಯ ಹೊತ್ತಿಗೆ ಪಂಢರಪುರ ತಲುಪುತ್ತವೆ. ದಿನಕ್ಕೆ ಹೆಚ್ಚುಕಡಿಮೆ 15ರಿಂದ 20 ಕಿ.ಮೀ. ನಡಿಗೆ. ತಿಥಿಯ ಕ್ಷಯ ವೃದ್ಧಿಗೆ ತಕ್ಕಂತೆ ಲೋಣಂದದಂಥ ಕಡೆ ಮುಕ್ಕಾಮಿನ ರಾತ್ರಿಗಳು ಒಂದು ಹೆಚ್ಚು, ಒಂದು ಕಡಿಮೆ ಆಗುತ್ತವೆ. ಆದ್ದರಿಂದ ಹಿಂದಿನ ವರ್ಷದ ಪಟ್ಟಿ ನೋಡಿ ರಜೆ ಹಾಕಬೇಡಿ. ಆಯಾ ಪಾಲಖಿ ನಡೆಸುವ ಸಂಸ್ಥಾನ ಆ ವರ್ಷಕ್ಕೆಂದು ಹೊರಡಿಸುವ ವೇಳಾಪಟ್ಟಿಯನ್ನೇ ಹಿಡಿಯಿರಿ.

ಪೂರ್ತಿ ರಜೆ ಸಿಗದಿದ್ದರೆ ಎಲ್ಲಿ ಸೇರಬೇಕು? ಪುಣೆಯಿಂದ ಸಾಸವಡದವರೆಗೆ ಎಂದು ಬಹಳ ಜನ ಆರಿಸಿಕೊಳ್ಳುತ್ತಾರೆ. ಜೊತೆ ಬೇಕೆನ್ನುವವರಿಗೆ ಇದಕ್ಕಿಂತ ಕೆಟ್ಟ ಆಯ್ಕೆ ಇಲ್ಲ. ದಿವೇ ಘಾಟ್ ಏರುವ ಆ ದಿನ 30 ಕಿಲೋಮೀಟರಿಗೂ ಹೆಚ್ಚು ನಡಿಗೆ ಇರುತ್ತದೆ. ಒಂದು ದಿನಕ್ಕೆಂದು ಬಂದ ಊರ ಜನ ದಾರಿ ತುಂಬಿರುತ್ತಾರೆ, ದಿಂಡಿಯವರು ತಮ್ಮ ಸಾಲು ಒಡೆಯದಂತೆ ನೋಡಿಕೊಳ್ಳುವುದರಲ್ಲೇ ಸುಸ್ತಾಗಿರುತ್ತಾರೆ. ಹೊಸಬರನ್ನು ವಿಚಾರಿಸಲು ಯಾರಿಗೂ ಬಿಡುವಿಲ್ಲ. ಅರ್ಧ ದಾರಿಯೇ ಆಗುವುದಾದರೆ ಕೊನೆಯ ಅರ್ಧ ಹಿಡಿಯಿರಿ: ಜ್ಞಾನೇಶ್ವರ ಪಾಲಖಿಯಾದರೆ ಫಲಟಣ ಅಥವಾ ನಾತೇಪುತೆಯಿಂದ, ತುಕಾರಾಮ ಪಾಲಖಿಯಾದರೆ ಇಂದಾಪುರದಿಂದ. ಅಷ್ಟು ಹೊತ್ತಿಗೆ ಜಂಗುಳಿ ತಿಳಿಯಾಗಿ ದಿಂಡಿಯೊಳಗೆ ಒಂದು ಲಯ ಕೂತಿರುತ್ತದೆ.

ಮೂರು ವಾರದ ನಡಿಗೆಗೆ ಮನಸ್ಸು ಹಿಂಜರಿಯುವವರು ಕಾರ್ತಿಕ ಏಕಾದಶಿಗೆ ಹೋಗಲಿ. ಮಳೆ ಇರುವುದಿಲ್ಲ. ಆಗ ಉತ್ತರ ಕರ್ನಾಟಕದಿಂದ ನೇರವಾಗಿ ಪಂಢರಪುರಕ್ಕೆ ನಡೆಯುವ ದಿಂಡಿಗಳಿರುತ್ತವೆ. ವಿಜಯಪುರದಿಂದಾದರೆ ನೂರಕ್ಕೆ ಸ್ವಲ್ಪ ಮೇಲ್ಪಟ್ಟ ಕಿಲೋಮೀಟರ್ ಅಷ್ಟೇ. ಚಿಕ್ಕ ದಿಂಡಿ, ಕನ್ನಡ ಮಾತು, ಮೂರನೆಯ ದಿನಕ್ಕೆ ಎಲ್ಲರ ಹೆಸರೂ ಗೊತ್ತು.

ಹಂತ 2: ಎರಡು ತಿಂಗಳ ಮೊದಲೇ ದಿಂಡಿ ಹಿಡಿಯುವುದು

ದಿಂಡಿ ಎಂದರೆ ಜೊತೆಯಲ್ಲಿ ಹಾಡಿ, ಉಂಡು, ಮಲಗುವ ಒಂದು ತಂಡ. ಕೆಲವದರಲ್ಲಿ ಐವತ್ತು ಜನ, ಕೆಲವದರಲ್ಲಿ ಸಾವಿರ. ಅದಕ್ಕೊಬ್ಬ ಮುಖ್ಯಸ್ಥ, ವೀಣೆ ಹಿಡಿದು ನಡೆಸುವ ವೀಣೇಕರಿ, ಸಾಮಾನು ಮತ್ತು ಅಡುಗೆಗೆ ಟ್ರಕ್ಕುಗಳು ಇರುತ್ತವೆ. ಮೊದಲ ಸಲದವರು 100ರಿಂದ 200 ಜನರ ದಿಂಡಿ ನೋಡಿಕೊಂಡರೆ ಒಳ್ಳೆಯದು. ಅದಕ್ಕಿಂತ ದೊಡ್ಡದಾದರೆ ಕಳೆದುಹೋಗುತ್ತೀರಿ. ತೀರಾ ಚಿಕ್ಕದಾದರೆ ಅದು ಒಂದೇ ಮನೆತನದವರದೋ ಒಂದೇ ಓಣಿಯವರದೋ ಆಗಿರುತ್ತದೆ, ಹೊರಗಿನವರು ಕೊನೆಯವರೆಗೂ ಅತಿಥಿಯಾಗಿಯೇ ಉಳಿಯುತ್ತಾರೆ.

ಹುಡುಕಲು ಒಳ್ಳೆಯ ಜಾಗ ನಿಮ್ಮ ಸುತ್ತಲಿನ ವಿಠ್ಠಲ ಮಂದಿರ. ಏಕಾದಶಿಯ ರಾತ್ರಿ ಭಜನೆಗೆ ಹೋಗಿ ಕೂತು, ಮುಗಿದ ಮೇಲೆ ತಾಳ ಬಾರಿಸಿದವರನ್ನು ಕೇಳಿ: “ವಾರಿಗೆ ಯಾರು ನಡೀತಾರೆ, ಯಾವ ದಿಂಡಿ?” ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ವಿಜಯಪುರ, ಬಾಗಲಕೋಟೆ ಕಡೆ ಈ ಪ್ರಶ್ನೆಗೆ ಉತ್ತರ ಸಿಗದಿರುವುದು ಕಷ್ಟ. ಜ್ಞಾನೇಶ್ವರ ಪಾಲಖಿಯ ಮುಂದೆ ಓಡುವ ಕುದುರೆಗಳೇ ಚಿಕ್ಕೋಡಿ ಸೀಮೆಯ ಅಂಕಲಿಯಿಂದ ಹೋಗುತ್ತವೆ. ಆ ಭಾಗದಲ್ಲಿ ವಾರಿ ಯಾರಿಗೂ ಹೊಸದಲ್ಲ. ಬೆಂಗಳೂರು, ಮೈಸೂರಿನವರು ತಮ್ಮೂರಿನ ಮರಾಠಿ ಸಮಾಜದ ಮಂದಿರಗಳಲ್ಲಿ ವಿಚಾರಿಸಬಹುದು.

ಒಪ್ಪಿಕೊಳ್ಳುವ ಮುನ್ನ ಮುಖ್ಯಸ್ಥರನ್ನು ಫೋನಿನಲ್ಲಾದರೂ ಮಾತಾಡಿಸಿ ಇಷ್ಟು ಕೇಳಿ:

- ದಿಂಡಿ ಸಂಖ್ಯೆ ಎಷ್ಟು, ಪಾಲಖಿ ಇಟ್ಟ ರಥದ ಮುಂದೋ ಹಿಂದೋ?
- ಭಿಶಿ ಎಷ್ಟು, ಅದರಲ್ಲಿ ಏನೇನು ಸೇರಿದೆ? ಊಟದ ಖರ್ಚಿಗೆಂದು ಪ್ರತಿಯೊಬ್ಬರೂ ಕಟ್ಟುವ ಪಾಲೇ ಭಿಶಿ. ಪಂಢರಪುರದ ವಸತಿ ಅದರಲ್ಲಿದೆಯೋ ಇಲ್ಲವೋ ಸ್ಪಷ್ಟ ಮಾಡಿಕೊಳ್ಳಿ.
- ಮಲಗುವುದು ರಾಹುಟಿಯಲ್ಲೋ (ಡೇರೆ), ಶಾಲೆ ಮಠಗಳಲ್ಲೋ? ಹೆಂಗಸರಿಗೆ ಬೇರೆ ರಾಹುಟಿ ಇದೆಯೇ?
- ಒಬ್ಬರಿಗೆ ಎಷ್ಟು ಸಾಮಾನು ಟ್ರಕ್ಕಿಗೆ ಹಾಕಬಹುದು?
- ನಡುವೆ ಹುಷಾರು ತಪ್ಪಿದರೆ ಟ್ರಕ್ಕಿನಲ್ಲಿ ಕೂರಿಸಿಕೊಳ್ಳುತ್ತೀರಾ?

ದಿಂಡಿ ಸಂಖ್ಯೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜ್ಞಾನೇಶ್ವರ ಪಾಲಖಿಯಲ್ಲಿ ರಥದ ಮುಂದೆ 27 ದಿಂಡಿಗಳು, ಹಿಂದೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಎಣಿಕೆ ಎರಡೂ ಕಡೆ 1ರಿಂದಲೇ ಶುರು. “ನಮ್ಮದು 12ನೇ ನಂಬರ್” ಎಂದರೆ ಅದು ರಥದ ಮುಂದಿನದೂ ಆಗಬಹುದು, ಹಿಂದಿನದೂ ಆಗಬಹುದು. ಎರಡರ ನಡುವೆ ಕಿಲೋಮೀಟರುಗಟ್ಟಲೆ ಜನ. ತುಕಾರಾಮ ಪಾಲಖಿಯ ಎಣಿಕೆ ಮತ್ತೆ ಬೇರೆಯೇ. ಪಾಲಖಿ, ರಥದ ಮುಂದೆ ಅಥವಾ ಹಿಂದೆ, ಸಂಖ್ಯೆ ಈ ಮೂರೂ ಸೇರಿದರೇ ವಿಳಾಸ ಪೂರ್ಣ.

ಎಚ್ಚರಿಕೆಯ ಗುರುತುಗಳೂ ಇವೆ. ಸಂಖ್ಯೆ ಕೇಳಿದರೆ “ಬನ್ನಿ, ಅಲ್ಲಿ ನೋಡೋಣ” ಎನ್ನುವವರು, ಪೂರ್ತಿ ಹಣ ಮೊದಲೇ ಕೇಳಿ ರಸೀದಿ ಕೊಡದವರು, ಏಕಾದಶಿಯ ದಿನ ಸಾಲಿಲ್ಲದೆ ನೇರ ದರ್ಶನ ಮಾಡಿಸುತ್ತೇವೆಂದು ಆಸೆ ಹುಟ್ಟಿಸುವವರು, ಆಧಾರ್ ಕಾರ್ಡಿನ ಮೂಲಪ್ರತಿಯನ್ನೇ ಇಟ್ಟುಕೊಳ್ಳುವವರು. ನಕಲು ಪ್ರತಿ ಕೇಳಿದರೆ ತಪ್ಪಿಲ್ಲ, ಮೂಲಪ್ರತಿ ನಿಮ್ಮ ಬಳಿಯೇ ಇರಲಿ. ಒಂಟಿಯಾಗಿ ಹೊರಟ ಹೆಂಗಸರು ಇನ್ನೊಂದು ಕೆಲಸ ಮಾಡಬೇಕು: ಹಿಂದಿನ ವರ್ಷ ಅದೇ ದಿಂಡಿಯಲ್ಲಿ ನಡೆದ ಒಬ್ಬ ಹೆಣ್ಣುಮಗಳ ಜೊತೆ ಮಾತಾಡಿ, ರಾತ್ರಿ ಎಲ್ಲಿ ಮಲಗಿದರು, ಸ್ನಾನ ಎಲ್ಲಿ, ಬಹಿರ್ದೆಸೆಗೆ ಯಾರ ಜೊತೆ ಹೋಗುತ್ತಿದ್ದರು ಎಂದು ಕೇಳುವುದು. ಮುಖ್ಯಸ್ಥರ ಭರವಸೆಗಿಂತ ಆಕೆಯ ಮಾತು ನಂಬಿಕೆಗೆ ಅರ್ಹ.

ತುಳಸಿ ಮಾಲೆ ಹಾಕಿಕೊಂಡಿರಲೇಬೇಕೇ ಎಂದು ಹಲವರು ಕೇಳುತ್ತಾರೆ. ನಡೆಯಲು ಬೇಕಿಲ್ಲ. ವಿಧಿಪೂರ್ವಕವಾಗಿ ಮಾಲೆ ಧರಿಸಿದರೆ ಮಾಂಸ ಮದ್ಯ ಬಿಡುವುದು, ಏಕಾದಶಿ ಉಪವಾಸ, ವಾರಿ ತಪ್ಪಿಸದಿರುವುದು ಎಲ್ಲ ಜೊತೆಗೆ ಬರುತ್ತವೆ. ತೋರಿಕೆಗೆಂದು ಕೊರಳಿಗೆ ಹಾಕಿಕೊಂಡರೆ ಹಳಬರು ಬಹಳ ಬೇಗ ಗುರುತಿಸುತ್ತಾರೆ.

ಹಂತ 3: ಎರಡು ಚೀಲ, ಒಂದು ಜೊತೆ ತಾಳ, ಒಂದು ಚೀಟಿ

ದೊಡ್ಡ ಚೀಲ ಟ್ರಕ್ಕಿಗೆ, ಸಣ್ಣದು ಹೆಗಲಿಗೆ. ಟ್ರಕ್ಕು ನಸುಕಿನಲ್ಲೇ ಮುಂದಿನ ಮುಕ್ಕಾಮಿಗೆ ಹೊರಟರೆ ಸಂಜೆಯವರೆಗೆ ಕೈಗೆ ಸಿಗುವುದಿಲ್ಲ. ಮಾತ್ರೆ, ಮಳೆಯ ಪ್ಲಾಸ್ಟಿಕ್ ಹೊದಿಕೆ, ಒಂದು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ, ಗುಳ್ಳೆಗೆ ಪಟ್ಟಿ, ಒಂದು ಪಂಚೆ ಅಥವಾ ಟವೆಲ್, ಆ ದಿನದ ಖರ್ಚಿನ ಹಣ ಸಣ್ಣ ಚೀಲದಲ್ಲಿರಲಿ. ಅದರ ತೂಕ ಮೂರು ಕಿಲೋ ದಾಟಬಾರದು. ದೊಡ್ಡ ಚೀಲದ ಮೇಲೆ ಹೆಸರು, ದಿಂಡಿಯ ಪೂರ್ಣ ವಿಳಾಸವನ್ನು ನೀರಿಗೆ ಹೋಗದ ಬಣ್ಣದಲ್ಲಿ ಬರೆದು, ಎದ್ದು ಕಾಣುವ ಒಂದು ಬಟ್ಟೆಯ ತುಂಡು ಕಟ್ಟಿ. ಸಂಜೆಗತ್ತಲಲ್ಲಿ ನೂರು ಚೀಲಗಳ ರಾಶಿಯಿಂದ ಹುಡುಕಬೇಕಾಗುತ್ತದೆ. ಊಟಕ್ಕೆ ನಿಮ್ಮದೇ ತಟ್ಟೆ ಲೋಟ ಒಯ್ಯಿರಿ. ಬಂಗಾರ ಮನೆಯಲ್ಲಿರಲಿ. ಚಪ್ಪಲಿಯೋ ಬೂಟೋ, ತಿಂಗಳಾದರೂ ಹಾಕಿ ಪಳಗಿದ್ದೇ ಆಗಬೇಕು.

ತಾಳ ಕಲಿಯಿರಿ. ಹಾಡಲು ಬಾರದವರೂ, ಮರಾಠಿ ಬಾರದವರೂ ತಾಳ ಹಿಡಿದರೆ ಸಾಲಿನಲ್ಲಿ ಜಾಗ ಸಿಗುತ್ತದೆ. ಬರಿಗೈಯವರು ಸಾಲಿನ ಹೊರಗೆ ಬೀಳುತ್ತಾರೆ. ಕಷ್ಟದ್ದು ಬೇಕಿಲ್ಲ, ಭಜನಿ ಠೇಕಾ ಒಂದನ್ನು ನಿಧಾನದಲ್ಲೂ ವೇಗದಲ್ಲೂ ತಪ್ಪದೆ ಬಾರಿಸಲು ಬಂದರೆ ಸಾಕು. ನಿಮ್ಮೂರ ಭಜನಾ ಮಂಡಳಿಯಲ್ಲಿ ಕೆಲವು ವಾರ ಕೂತರೆ ಬರುತ್ತದೆ. ಮೊದಲ ಸಲ ಹಗುರ ತಾಳ ಕೊಳ್ಳಿ. ಭಾರದ್ದರ ನಾದ ಚೆಂದ, ಆದರೆ ದಿನವಿಡೀ ಹಿಡಿದರೆ ಹಗ್ಗ ಬೆರಳು ಸುಲಿಯುತ್ತದೆ. ಹಗ್ಗಕ್ಕೆ ಮೆತ್ತನೆ ಬಟ್ಟೆ ಸುತ್ತಿಕೊಳ್ಳಿ. ಜೊತೆಗೆ ಸಂಜೆ ದಿನವೂ ಹೇಳುವ, ಹರಿಪಾಠ ಎಂಬ ಅಭಂಗಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಾಯಿಗೆ ರೂಢಿ ಮಾಡಿಕೊಳ್ಳಿ. ಪೂರ್ತಿ ಬಾರದಿದ್ದರೂ ಪಲ್ಲವಿಗೆ ದನಿಗೂಡಿಸಲು ಬರಲಿ.

ಚೀಟಿ ಎಂದರೆ ಕೊರಳಿಗೆ ಹಾಕುವ, ಪ್ಲಾಸ್ಟಿಕ್ ಹೊದಿಸಿದ ಕಾರ್ಡು. ಅದರಲ್ಲಿ ಹೆಸರು, ದಿಂಡಿಯ ಪೂರ್ಣ ವಿಳಾಸ, ಟ್ರಕ್ಕಿನ ನೋಂದಣಿ ಸಂಖ್ಯೆ, ಮುಖ್ಯಸ್ಥರ ಮತ್ತು ಮನೆಯವರ ಫೋನು, ರಕ್ತದ ಗುಂಪು, ದಿನವೂ ತೆಗೆದುಕೊಳ್ಳುವ ಮಾತ್ರೆ, ಮಾತಾಡುವ ಭಾಷೆ ಕನ್ನಡ ಎಂಬುದು ದೇವನಾಗರಿಯಲ್ಲಿ ಬರೆದಿರಲಿ. ಫೋನ್ ಇದೆಯಲ್ಲ ಎನ್ನಬೇಡಿ. ಪುಣೆಯಲ್ಲಿ, ಪಂಢರಪುರಕ್ಕೆ ಹತ್ತಿರದ ವಾಖರಿಯಲ್ಲಿ, ಪಂಢರಪುರದಲ್ಲಿ ಜನ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ, ಮಳೆಯಲ್ಲಿ ಫೋನೇ ಕೈಕೊಡುತ್ತದೆ.

ಮರಾಠಿಯ ನಾಲ್ಕು ಮಾತು: “ಮುಕ್ಕಾಮ್ ಕುಠೇ ಆಹೇ?” (ಮುಕ್ಕಾಮು ಎಲ್ಲಿ), “ಟ್ರಕ್ ಕುಠೇ ಲಾಗಲಾ?” (ಟ್ರಕ್ಕು ಎಲ್ಲಿ ನಿಂತಿದೆ), “ರಥಾಮಾಗೆ” ಅಥವಾ “ರಥಾಪುಢೇ” (ರಥದ ಹಿಂದೆ, ಮುಂದೆ), “ಮೀ ಚುಕಲೋ”, ಹೆಂಗಸರಾದರೆ “ಮೀ ಚುಕಲೇ” (ದಾರಿ ತಪ್ಪಿದೆ). ಯಾರನ್ನೇ ಕರೆಯುವುದಿದ್ದರೂ “ಮಾವುಲಿ” (ತಾಯಿ). ಹತ್ತು ವರ್ಷದ ಹುಡುಗನೂ ಮಾವುಲಿಯೇ, ಬಂದೋಬಸ್ತಿನ ಪೊಲೀಸರೂ ಮಾವುಲಿಯೇ. ಕನ್ನಡದ ದಿಂಡಿಯೊಳಗೆ ಕಾಕಾ, ಅಕ್ಕಾ, ಅಜ್ಜಾ ನಡೆಯುತ್ತವೆ. ‘ಸರ್’, ‘ಮೇಡಂ’ ಮಾತ್ರ ಬೇಡ, ಆ ಮಾತು ಬಂದ ಕೂಡಲೇ ನಿಮ್ಮನ್ನು ನೋಡಲು ಬಂದವರ ಪಟ್ಟಿಗೆ ಸೇರಿಸುತ್ತಾರೆ.

ಹಂತ 4: ಒಂದು ದಿನ ಮೊದಲೇ ತಲುಪುವುದು

ಪ್ರಸ್ಥಾನದ ದಿನವೇ ಆಳಂದಿ ಸೇರಿದರೆ ದಿಂಡಿ ಸಿಗುವುದು ದುಸ್ತರ. ರಸ್ತೆ ಮುಚ್ಚಿರುತ್ತಾರೆ, ಇಂದ್ರಾಯಣಿ ನದಿಯ ಸ್ನಾನಘಟ್ಟದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಿಂದಿನ ದಿನ ಮಧ್ಯಾಹ್ನವೇ ತಲುಪಿ, ಬೆಳಕಿರುವಾಗ ದಿಂಡಿಯ ತಂಗುದಾಣ ಹುಡುಕಿ. ಆಳಂದಿಯಲ್ಲಿ ಪ್ರಸ್ಥಾನ ಸಂಜೆ ನಡೆದರೂ ಪಾಲಖಿ ಆ ರಾತ್ರಿ ಊರಲ್ಲೇ ತಂಗುತ್ತದೆ. ಪುಣೆಯ ಕಡೆ ನಡಿಗೆ ಮರುದಿನ ಬೆಳಿಗ್ಗೆ. ಈ ನಡುವಿನ ಹೊತ್ತೇ ಪರಿಚಯಕ್ಕೆ ಸರಿಯಾದ ಸಮಯ.

ತಲುಪಿದೊಡನೆ ಮಾಡಬೇಕಾದ್ದು: ವೀಣೇಕರಿಗೆ ನಮಸ್ಕರಿಸಿ, ಮುಖ್ಯಸ್ಥರ ಬಳಿ ಹೆಸರು ಬರೆಸಿ, ಭಿಶಿ ಕಟ್ಟಿ ರಸೀದಿ ಪಡೆದು, ಟ್ರಕ್ಕಿನ ಮುಂಭಾಗದ ಫೋಟೋ ತೆಗೆದುಕೊಳ್ಳಿ. ಆಮೇಲೆ ಅಡುಗೆಯ ಕಡೆ ಹೋಗಿ, ಏನು ಮಾಡಲಿ ಎಂದು ಕೇಳಿ. ಕಾಯಿಪಲ್ಲೆ ಹೆಚ್ಚುವ ಒಂದು ಗಂಟೆಯಲ್ಲಿ ಆಗುವ ಪರಿಚಯ ಎರಡು ದಿನ ನಡೆದರೂ ಆಗುವುದಿಲ್ಲ.

ಹಂತ 5: ಸಾಲಿನಲ್ಲಿ ನಿಮ್ಮ ಜಾಗ

ದಿಂಡಿ ಹೊರಗಿನಿಂದ ಗುಂಪಿನಂತೆ ಕಂಡರೂ ಒಳಗೆ ಕಟ್ಟುನಿಟ್ಟಾದ ಕ್ರಮವಿದೆ. ಮುಂದೆ ಭಗವಾ ಪತಾಕೆ ಹಿಡಿದವರು, ಅವರ ಹಿಂದೆ ಸಾಲುಸಾಲಾಗಿ ತಾಳದವರು, ಪಖವಾಜಿನವರು, ವೀಣೇಕರಿ, ಅವರ ಹಿಂದೆ ತುಳಸಿ ಬೃಂದಾವನ ಹೊತ್ತವರೂ ಉಳಿದ ಹೆಂಗಸರೂ. ವೀಣೆಗೂ ಪಖವಾಜಿಗೂ ನಡುವೆ ಹಾಯುವುದು, ಫೋಟೋಕ್ಕೆಂದು ಸಾಲಿನ ಮುಂದೆ ಹಿಮ್ಮುಖ ನಡೆಯುವುದು, ಎರಡು ದಿಂಡಿಗಳ ನಡುವಿನ ತೆರವಿಗೆ ನುಗ್ಗುವುದು ಇವು ಹೊಸಬರು ಬೈಸಿಕೊಳ್ಳುವ ಮೂರು ಮುಖ್ಯ ಕಾರಣಗಳು.

ಮೊದಲ ದಿನ ತಾಳದವರ ಕೊನೆಯ ಸಾಲಿನಲ್ಲಿ ನಿಲ್ಲಿ. ಅಲ್ಲಿ ತಪ್ಪು ಬಾರಿಸಿದರೂ ಮುಂದಿನವರ ಲಯ ಕೆಡುವುದಿಲ್ಲ, ಕಣ್ಣೆದುರಿಗೇ ಹಳಬರ ಹೆಜ್ಜೆ ಕಾಣುತ್ತದೆ. ಎರಡನೆಯ ದಿನವೂ ಅದೇ ಸಾಲು, ಅದೇ ಬದಿ. ಇಲ್ಲಿ ಬಹಳ ಜನ ಎಡವುತ್ತಾರೆ. ಎಲ್ಲರ ಪರಿಚಯ ಆಗಲಿ ಎಂದು ದಿನಕ್ಕೊಂದು ಕಡೆ ನಿಂತರೆ ಯಾರ ಪರಿಚಯವೂ ಆಗುವುದಿಲ್ಲ. ಒಂದೇ ಜಾಗದಲ್ಲಿ ನಿಂತರೆ ಮೂರನೆಯ ದಿನ ನೀವು ತಡವಾದಾಗ ಪಕ್ಕದವರೇ ಜಾಗ ಹಿಡಿದಿರುತ್ತಾರೆ.

ನಡಿಗೆಯ ವೇಗವೂ ಜೊತೆ ಮುರಿಯುತ್ತದೆ. ಹಾಡುತ್ತ ಸಾಗುವ ದಿಂಡಿ ನಿಧಾನ, ನಿಂತು ನಿಂತು ಹೋಗುತ್ತದೆ. ಗಟ್ಟಿ ಕಾಲಿನವರು ಬೇಸತ್ತು ಮುಂದೆ ಸಾಗಿ, ಮುಕ್ಕಾಮಿನಲ್ಲಿ ಗಂಟೆಗಟ್ಟಲೆ ಒಬ್ಬರೇ ಕೂರುತ್ತಾರೆ. ಸಂಜೆ ಎಲ್ಲರೂ ಬಂದಾಗ ಆ ದಿನದ ಮಾತು, ನಗು, ಮಳೆ ಯಾವುದರಲ್ಲೂ ಅವರಿಗೆ ಪಾಲಿಲ್ಲ. ದಿನಕ್ಕೆ ಒಂದು ವಿಸಾವಿನಿಂದ (ದಾರಿಯಲ್ಲಿ ವಿಶ್ರಾಂತಿಗೆ ನಿಲ್ಲುವ ಜಾಗ) ಇನ್ನೊಂದು ವಿಸಾವಿನವರೆಗೆ ಬೇಕಾದರೆ ಬಿರುಸಾಗಿ ನಡೆಯಿರಿ, ಉಳಿದದ್ದು ಸಾಲಿನಲ್ಲಿ. ಕಾಲು ಸೋತವರು ಉಲ್ಟಾ ಮಾಡಬೇಕು: ದಿಂಡಿ ಹೊರಡುವ ಅರ್ಧ ಗಂಟೆ ಮೊದಲೇ, ಒಬ್ಬರಿಗೆ ಹೇಳಿ, ಮುಂದೆ ನಡೆದು ಮೊದಲ ವಿಸಾವಿನಲ್ಲಿ ಕಾಯುವುದು. ಹಿಂದುಳಿದು ಬೆನ್ನಟ್ಟುವುದು ಬೇಡ. ಹಿಂದುಳಿದರೆ ಬೇರೆ ದಿಂಡಿಗಳು ನಡುವೆ ಸೇರಿಕೊಂಡು ನಿಮ್ಮದು ಇನ್ನಷ್ಟು ದೂರವಾಗುತ್ತದೆ.

ಹಾಡು ನಡೆಯುವಾಗ ಮಾತಿಗೆಳೆಯಬೇಡಿ. ಮಾತಿಗೆ ವಿಸಾವು ಇದೆ. “ವಾರಿಯಿಂದ ನಿಮಗೇನು ಸಿಕ್ಕಿತು?” ಎಂಬಂಥ ಪ್ರಶ್ನೆ ಯಾರಿಗೂ ರುಚಿಸುವುದಿಲ್ಲ. “ನಿಮ್ಮ ಕಡೆ ಬಿತ್ತನೆ ಆಯ್ತೇನ್ರಿ?” ಎಂದು ಕೇಳಿ ನೋಡಿ. ವಾರಕರಿಗಳಲ್ಲಿ ದೊಡ್ಡ ಪಾಲು ರೈತರು, ಮುಂಗಾರಿನ ಹೊತ್ತು, ಮನೆಯಲ್ಲಿ ಹೊಲ ಬಿಟ್ಟು ಬಂದಿರುತ್ತಾರೆ. ಆ ಪ್ರಶ್ನೆಗೆ ಅರ್ಧ ದಾರಿಯಷ್ಟು ಉತ್ತರ ಸಿಗುತ್ತದೆ.

ಹಂತ 6: ಮುಕ್ಕಾಮಿನ ಕೆಲಸಗಳು

ಸಂಬಂಧ ಗಟ್ಟಿಯಾಗುವುದು ಮುಕ್ಕಾಮಿನಲ್ಲಿ. ದಣಿದು ಬಂದವರು ಚೀಲ ಎಸೆದು ಮಲಗಿದರೆ ಮಾರನೆಯ ದಿನ ಯಾರೂ ಬಯ್ಯುವುದಿಲ್ಲ, ಆದರೆ ಹತ್ತಿರಕ್ಕೂ ಬರುವುದಿಲ್ಲ. ಒಂದು ಸೇವೆಯನ್ನು ಕೇಳಿ ಪಡೆಯಿರಿ, ಕೊನೆಯವರೆಗೂ ಅದನ್ನೇ ಮಾಡಿ: ನೀರಿನ ಡ್ರಮ್ ತುಂಬುವುದು, ಪಂಕ್ತಿಯಲ್ಲಿ ಬಡಿಸುವುದು, ರಾಹುಟಿಯ ಹಗ್ಗ ಎಳೆದು ಗೂಟ ಹೊಡೆಯುವುದು, ನಸುಕಿನಲ್ಲಿ ಚೀಲಗಳನ್ನು ಟ್ರಕ್ಕಿಗೆ ಏರಿಸುವುದು. ಎಲ್ಲಕ್ಕಿಂತ ಬೇಡಿಕೆ ಇರುವುದು ಈ ಕೊನೆಯದಕ್ಕೆ, ಏಕೆಂದರೆ ಅದು ಬೆಳಗಿನ ಮೂರು ನಾಲ್ಕು ಗಂಟೆಯ ಕೆಲಸ, ಯಾರಿಗೂ ಬೇಡ. ಒಂದು ವಾರ ಮಾಡಿದವರ ಹೆಸರು ಇಡೀ ದಿಂಡಿಗೆ ಗೊತ್ತಿರುತ್ತದೆ. ಸೇವೆಯ ಬದಲು ಹೆಚ್ಚು ಹಣ ಕೊಡುತ್ತೇನೆ ಎನ್ನುವುದು ಪಟ್ಟಣದವರ ಮಾಮೂಲು ತಪ್ಪು. ಹಣ ತೆಗೆದುಕೊಳ್ಳುತ್ತಾರೆ, ನಿಮ್ಮನ್ನು ದಾನಿಗಳ ಸಾಲಿಗೆ ಸರಿಸುತ್ತಾರೆ.

ಊಟ ಪಂಕ್ತಿಯಲ್ಲೇ ಆಗಲಿ. ದಾರಿಯುದ್ದಕ್ಕೂ ಊರಿನವರು ಚಹಾ, ಬಾಳೆಹಣ್ಣು, ಉಪ್ಪಿಟ್ಟು ಹಂಚುತ್ತಲೇ ಇರುತ್ತಾರೆ. ಸಿಕ್ಕಲ್ಲೆಲ್ಲ ತಿಂದರೆ ಹೊಟ್ಟೆ ಕೆಡುತ್ತದೆ, ಪಂಕ್ತಿಗೆ ಹಸಿವೂ ಇರುವುದಿಲ್ಲ. ಪಕ್ಕದಲ್ಲಿ ಕೂತವರ ಜಾತಿ, ಊರಿನ ಓಣಿ ವಿಚಾರಿಸುವ ಚಾಳಿ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ಬೇರೆ ಯಾರಾದರೂ ಒತ್ತಿ ಒತ್ತಿ ಕೇಳುತ್ತಿದ್ದರೆ “ನಾವು ವಾರಕರಿಗಳು, ಮಾವುಲಿ” ಎಂಬಷ್ಟೇ ಉತ್ತರ ಸಾಕು.

ಸಮಾಜ ಆರತಿ ತಪ್ಪಿಸಬೇಡಿ. ಪಾಲಖಿ ಮುಕ್ಕಾಮಿಗೆ ಬಂದಾಗ ದಿಂಡಿಗಳು ಸುತ್ತ ನಿಲ್ಲುತ್ತವೆ. ಪಾಲಖಿಯ ಶಿಸ್ತು ನೋಡಿಕೊಳ್ಳುವ ಚೋಪದಾರರು ದಂಡ ಎತ್ತಿದ ಕೂಡಲೇ ಎಲ್ಲ ತಾಳಗಳೂ ನಿಲ್ಲುತ್ತವೆ. ಆಗಲೂ ಒಂದು ದಿಂಡಿ ತಾಳ ನಿಲ್ಲಿಸದಿದ್ದರೆ ಅದಕ್ಕೇನೋ ತಕರಾರಿದೆ ಎಂದರ್ಥ, ಚೋಪದಾರರು ಹೋಗಿ ವಿಚಾರಿಸುತ್ತಾರೆ. ಕಳೆದ ವಸ್ತುಗಳ, ತಪ್ಪಿಹೋದ ಜನರ ಸುದ್ದಿ, ಮರುದಿನ ಹೊರಡುವ ಹೊತ್ತು ಎಲ್ಲ ಅಲ್ಲೇ ಕೂಗಿ ಹೇಳುತ್ತಾರೆ. ಹೊಸಬರು ಆ ಹೊತ್ತಿಗೆ ಫೋನ್ ಚಾರ್ಜಿಗೆ ಅಲೆಯುತ್ತಿದ್ದರೆ ಮರುದಿನ ಬೆಳಿಗ್ಗೆ ದಿಂಡಿ ಹೊರಟುಹೋಗಿರುತ್ತದೆ.

ಮೊದಲ ವಾರ ಮುಗಿಯುವಾಗ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಒಂದು ಗಂಟೆ ಕಾಣದಿದ್ದರೆ ನನ್ನನ್ನು ಗಮನಿಸುವವರು ಯಾರು? ನಡೆಯುವ ಸಾಲಿನಲ್ಲಿ ಒಬ್ಬರು, ಮಲಗುವ ರಾಹುಟಿಯಲ್ಲಿ ಒಬ್ಬರು, ಅಡುಗೆಯ ಕಡೆ ಒಬ್ಬರು, ಮೂವರು ಸಾಕು. ಮೂರೂ ಒಬ್ಬರೇ ಆಗಿದ್ದರೆ ಅದು ಅಪಾಯದ ಗುರುತು. ಅವರಿಗೆ ಜ್ವರ ಬಂದು ಊರಿಗೆ ಹೋದ ದಿನ ನೀವು ಮತ್ತೆ ಒಂಟಿ.

ಹಂತ 7: ತಪ್ಪಿಹೋದರೆ

ತಪ್ಪಿಹೋಗುವುದು ಮಾಮೂಲು, ಅದಕ್ಕೆ ನಾಚಿಕೆ ಬೇಡ. ಹೆಚ್ಚು ಜನ ತಪ್ಪುವ ಜಾಗ ಹಡಪಸರ. ಎರಡೂ ಪಾಲಖಿಗಳು ಪುಣೆಯಿಂದ ಅಲ್ಲಿಯವರೆಗೆ ಬಂದು ಬೇರೆಯಾಗುತ್ತವೆ: ಜ್ಞಾನೇಶ್ವರರದು ದಿವೇ ಘಾಟ್ ಹತ್ತಿ ಸಾಸವಡಕ್ಕೆ, ತುಕಾರಾಮರದು ಸೋಲಾಪುರ ರಸ್ತೆ ಹಿಡಿದು ಲೋಣಿ ಕಾಳಭೋರಕ್ಕೆ. ಮುಂದಿನವರ ಬೆನ್ನು ನೋಡಿಕೊಂಡು ನಡೆದರೆ ಬೇರೆ ಪಾಲಖಿಯ ಊರು ಸೇರುತ್ತೀರಿ. ಅಲ್ಲಿ ಕೇಳಿ ಮುಂದಡಿ ಇಡಿ.

ದಾರಿಯಲ್ಲಿ ತಪ್ಪಿದರೆ ಕ್ರಮ ಹೀಗೆ. ಮೊದಲು ರಸ್ತೆಯ ಬದಿಗೆ ಸರಿದು ನಿಲ್ಲಿ. ಜನರ ಎದುರು ದಿಕ್ಕಿಗೆ ನಡೆಯಬೇಡಿ. ಹಾಯುತ್ತಿರುವ ದಿಂಡಿಯ ಫಲಕದ ಸಂಖ್ಯೆ ಓದಿ: ನಿಮ್ಮದಕ್ಕಿಂತ ಚಿಕ್ಕ ಸಂಖ್ಯೆಗಳು ಇನ್ನೂ ಬರುತ್ತಿವೆಯೋ, ದೊಡ್ಡವು ಶುರುವಾಗಿವೆಯೋ ಗಮನಿಸಿ. ರಥದ ಹಿಂದಿನ ದಿಂಡಿಗಳಲ್ಲಿ ಸಣ್ಣ ಸಂಖ್ಯೆ ಮೊದಲು ಬರುತ್ತದೆ, ಆದ್ದರಿಂದ ಅಲ್ಲೇ ನಿಂತರೆ ನಿಮ್ಮದು ಬರುತ್ತದೆಯೋ, ದಾಟಿಹೋಗಿದೆಯೋ ತಿಳಿಯುತ್ತದೆ. ರಥದ ಮುಂದಿನ ದಿಂಡಿಗಳಲ್ಲಿ ಎಣಿಕೆ ರಥದಿಂದ ಮುಂದಕ್ಕೆ ಸಾಗುವುದರಿಂದ ಕ್ರಮ ಇದರ ತಿರುವು. ದಾಟಿಹೋಗಿದ್ದರೆ ಓಡಬೇಡಿ, ಯಾವುದಾದರೂ ದಿಂಡಿಯ ಪಕ್ಕದಲ್ಲಿ ನಡೆದು ಮುಂದಿನ ವಿಸಾವು ಸೇರಿ. ಮುಕ್ಕಾಮಿಗೆ ಬಂದ ಮೇಲೂ ಸಿಗದಿದ್ದರೆ ಟ್ರಕ್ಕಿನ ಸಂಖ್ಯೆ ಹಿಡಿದು ವಿಚಾರಿಸಿ; ದಿಂಡಿಯ ಹೆಸರಿಗಿಂತ ಬೇಗ ಟ್ರಕ್ಕು ಸಿಗುತ್ತದೆ. ಕತ್ತಲಾದರೆ ಪೊಲೀಸ್ ನೆರವು ಕೇಂದ್ರಕ್ಕೆ ಅಥವಾ ಸಮಾಜ ಆರತಿಯ ಜಾಗಕ್ಕೆ ಹೋಗಿ. ತುರ್ತಿಗೆ 112, ಆಂಬುಲೆನ್ಸಿಗೆ 108. ಯಾರೋ ಒಬ್ಬರು ನಮ್ಮ ಬೈಕಿನಲ್ಲಿ ಬಿಡುತ್ತೇನೆ ಎಂದರೆ ಏರಬೇಡಿ.

ಹಂತ 8: ಮುನಿಸು, ಜಗಳ, ದಣಿವು

ಪುಣೆ ಸಾಸವಡದ ದಿನ ಸಾಮಾನ್ಯವಾಗಿ ಏಕಾದಶಿಯೂ ಆಗಿರುತ್ತದೆ. ಅತಿ ಉದ್ದದ ನಡಿಗೆ, ಘಟ್ಟ, ಅದರ ಮೇಲೆ ಉಪವಾಸ. ದಿಂಡಿಯಲ್ಲಿ ಸಾಬೂದಾಣಿ, ಶೇಂಗಾ, ಹಣ್ಣು ಬಿಟ್ಟರೆ ಬೇರೆ ಸಿಗುವುದಿಲ್ಲ. ಸಕ್ಕರೆ ಕಾಯಿಲೆಯವರು ಹಿಂದಿನ ರಾತ್ರಿಯೇ ಅಡುಗೆಯವರಿಗೆ ತಿಳಿಸಿ ಬೇರೆ ಏರ್ಪಾಡು ಮಾಡಿಕೊಳ್ಳಲಿ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಆ ದಿನ ಆಡಿದ ಬಿರುಸು ಮಾತುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಜಗಳಗಳು ಮೂರೇ ವಿಷಯಕ್ಕೆ: ರಾಹುಟಿಯಲ್ಲಿ ಮಲಗುವ ಜಾಗ, ನೀರು, ಟ್ರಕ್ಕಿನಲ್ಲಿ ಚೀಲದ ಜಾಗ. ಮೊದಲ ರಾತ್ರಿ ಸಿಕ್ಕ ಜಾಗವೇ ಕೊನೆಯವರೆಗೆ ಎಂಬುದು ಹೆಚ್ಚಿನ ದಿಂಡಿಗಳಲ್ಲಿ ಬರೆಯದ ನಿಯಮ. ಬಾಗಿಲ ಬಳಿಯೋ ಸೋರುವ ಮೂಲೆಯೋ ಬಂದಿದ್ದರೆ ಮರುದಿನವೇ ಮುಖ್ಯಸ್ಥರಿಗೆ ಹೇಳಿ, ಐದನೆಯ ದಿನ ಹೇಳಿದರೆ ಗೊಣಗುಟ್ಟುವವರು ಎನಿಸಿಕೊಳ್ಳುತ್ತೀರಿ. ಗೊರಕೆಗೆ ಕಿವಿಯಲ್ಲಿ ಹತ್ತಿ, ಬೇರೆ ಮದ್ದಿಲ್ಲ.

ಒಂದು ವಾರ ದಾಟುವಾಗ ಮನಸ್ಸು ಕುಗ್ಗುತ್ತದೆ. ಹೊಸತನ ಮುಗಿದಿರುತ್ತದೆ, ಪಂಢರಪುರ ಇನ್ನೂ ದೂರ. ಜ್ಞಾನೇಶ್ವರ ಪಾಲಖಿಯಲ್ಲಿ ಲೋಣಂದ ದಾಟಿದ ಮೇಲೆ ಚಾಂದೋಬಾಚಾ ಲಿಂಬದ ಬಳಿ ಮೊದಲ ರಿಂಗಣ, ಅಂದರೆ ದಿಂಡಿಗಳ ನಡುವೆ ಕುದುರೆಗಳ ಓಟ, ನಡೆಯುವುದು ಸುಮಾರು ಈ ಹೊತ್ತಿಗೇ. ರಿಂಗಣದಲ್ಲಿ ಕುದುರೆ ಓಡಿದ ಮೇಲೆ ಫುಗಡಿ, ಹುತುತು ಆಟಗಳು ಶುರುವಾಗುತ್ತವೆ, ಎಪ್ಪತ್ತರ ಮುದುಕರೂ ಕುಣಿಯುತ್ತಾರೆ. ಬದಿಯಲ್ಲಿ ನಿಂತು ವಿಡಿಯೋ ಮಾಡಬೇಡಿ, ಕೈ ಹಿಡಿದು ಎಳೆದವರ ಜೊತೆ ಹೋಗಿ. ಆದರೆ ಕುದುರೆಯ ಗೊರಸಿನ ಮಣ್ಣಿಗೆಂದು ಜನ ಒಮ್ಮೆಲೇ ಮುನ್ನುಗ್ಗುವಾಗ ಹಿಂದೆ ಸರಿಯಿರಿ. ತುಳಿತವೂ ಜೇಬುಗಳ್ಳತನವೂ ಆಗುವುದು ಆಗಲೇ.

ಜೊತೆಯವರ ಮುಲಾಜಿಗೆ ಬಿದ್ದು ಆರೋಗ್ಯ ಕೆಡಿಸಿಕೊಳ್ಳಬೇಡಿ. ಎದೆನೋವು, ತಲೆಸುತ್ತು, ಇಳಿಯದ ಜ್ವರ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಮೂತ್ರ ಕಡಿಮೆಯಾಗುವುದು, ಸಕ್ಕರೆ ಕಾಯಿಲೆಯವರಿಗೆ ಪಾದದ ಹುಣ್ಣು ಇವುಗಳಲ್ಲಿ ಒಂದು ಕಂಡರೂ ಅಂದೇ ವೈದ್ಯಕೀಯ ಕೇಂದ್ರ. ಹೋಗುವಾಗ ಒಬ್ಬರನ್ನು ಕರೆದುಕೊಂಡು ಹೋಗಿ. ಎರಡು ದಿನ ಟ್ರಕ್ಕಿನಲ್ಲಿ ಕೂತು ಅಡುಗೆಗೆ ನೆರವಾದರೆ ದಿಂಡಿ ಬಿಟ್ಟಂತಾಗುವುದಿಲ್ಲ.

ಹಂತ 9: ವಾಖರಿಯಿಂದ ಮುಂದೆ

ವಾಖರಿಯಲ್ಲಿ ಪಾಲಖಿಗಳೆಲ್ಲ ಒಂದಾಗುತ್ತವೆ. ಅಲ್ಲಿಂದ ಪಂಢರಪುರಕ್ಕೆ ಕೆಲವೇ ಕಿಲೋಮೀಟರು, ಆದರೆ ಇಡೀ ದಾರಿಯಲ್ಲಿ ಜೊತೆ ಕಡಿದುಹೋಗುವುದು ಹೆಚ್ಚಾಗಿ ಇಲ್ಲೇ. ವಾಖರಿ ಬಿಡುವ ಮುನ್ನ ಪಂಢರಪುರದಲ್ಲಿ ದಿಂಡಿ ತಂಗುವ ಮಠದ ಹೆಸರು, ಗಲ್ಲಿ, ಹತ್ತಿರದ ಗುರುತು ಚೀಟಿಯಲ್ಲಿ ಬರೆದುಕೊಳ್ಳಿ. ಚಂದ್ರಭಾಗೆಯ ಸ್ನಾನಕ್ಕೆ ಜೋಡಿಯಾಗಿ ಹೋಗಿ, ಒಬ್ಬರು ಇಳಿದಾಗ ಇನ್ನೊಬ್ಬರು ಬಟ್ಟೆ, ಹಣ ಕಾಯಲಿ.

ಏಕಾದಶಿಯ ದಿನ ಪಾದಸ್ಪರ್ಶ ದರ್ಶನದ ಸಾಲು ಇಡೀ ದಿನವನ್ನೂ ಮೀರಬಹುದು. ದಿಂಡಿಯ ಬಹುತೇಕ ಹಳಬರು ಆ ಸಾಲಿಗೆ ಹೋಗುವುದೇ ಇಲ್ಲ. ಕಳಸಕ್ಕೆ ಕೈಮುಗಿದು, ನಗರ ಪ್ರದಕ್ಷಿಣೆ ಮುಗಿಸಿ, ಮಠಕ್ಕೆ ಬಂದು ಕೀರ್ತನೆಗೆ ಕೂರುತ್ತಾರೆ. ನೀವು ಸಾಲಿಗೆ ನಿಲ್ಲುವುದೇ ಆದರೆ ದಿಂಡಿಯ ಇನ್ನೊಬ್ಬರ ಜೊತೆ ನಿಲ್ಲಿ, ಎಷ್ಟೊತ್ತಿಗೆ ಹೊರಟಿರಿ ಎಂದು ಮುಖ್ಯಸ್ಥರಿಗೆ ತಿಳಿಸಿ.

ಊರಿಗೆ ಟಿಕೆಟ್ಟನ್ನು ದ್ವಾದಶಿಗೆ ಮಾಡಿಸುವವರೇ ಹೆಚ್ಚು. ಆಗುವುದಿದ್ದರೆ ಹುಣ್ಣಿಮೆಯವರೆಗೆ ಇರಿ. ಅಂದು ಗೋಪಾಳಪುರದಲ್ಲಿ ಗೋಪಾಳಕಾಲಾ ಎಂಬ ಸಮಾರೋಪದ ಉತ್ಸವ ಮುಗಿದ ಮೇಲೆಯೇ ಪಾಲಖಿಗಳು ಹಿಂದಿರುಗುತ್ತವೆ, ದಿಂಡಿಯ ಲೆಕ್ಕಪತ್ರ ಒಪ್ಪಿಸುವುದೂ ಮುಂದಿನ ವರ್ಷದ ಹೆಸರು ಬರೆದುಕೊಳ್ಳುವುದೂ ಆ ಹೊತ್ತಿಗೇ. ಭಿಶಿಯ ಬಾಕಿ ಇದ್ದರೆ ತೀರಿಸಿ, ಎರವಲು ಪಡೆದ ತಾಳ, ಹೊದಿಕೆ ಮರಳಿಸಿ, ಹೆಸರು ಬರೆಸಿ. ಮೂವರ ಫೋನ್ ಸಂಖ್ಯೆಯನ್ನು ಕಾಗದದ ಮೇಲೆ ಪಡೆದುಕೊಳ್ಳಿ, ಕಾರ್ತಿಕ ಏಕಾದಶಿಗೆ ಅವರಲ್ಲಿ ಯಾರು ಬರುತ್ತಾರೆ ಎಂದೂ ಆಗಲೇ ಕೇಳಿಡಿ.